ಕಂಬದಲ್ಲಿ ಜನ ಇದ್ದಾರೆ

ನನ್ನ ಭಾಮೈದ ಆಸ್ಗರ್‌ನನ್ನು ಕೊಂದದ್ದು ಒಂದು ಬೋಲ್ಟು ಎಂದು ತನಿಖೆಯವರು ಮೊದಲು ಬರೆದುಕೊಂಡರು. ಮಾರುದ್ದವೇನಲ್ಲ, ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ, ಮಣಿಕಟ್ಟಿನಷ್ಟು ದಪ್ಪ. ಬರೆದುಕೊಳ್ಳಲಿ ಬಿಡಿ, ಕಾಗದಕ್ಕೆ ಅಷ್ಟು ಸಾಕು. ಆ ಬೋಲ್ಟು ಯಾಕೆ ಮುರಿಯಿತು, ಅದು ಮುರಿಯುವಾಗ ಆಸ್ಗರ್ ಯಾಕೆ ಅದರ ಮೇಲೆಯೇ ಬಗ್ಗಿದ್ದ ಎನ್ನುವುದು ನನಗೆ ಗೊತ್ತಿತ್ತು. ಶುರು ಮಾಡಿದವನೇ ನಾನು.

ನನ್ನ ಹೆಸರು ಪ್ರೆಬೆನ್. ಮೀನು ಹಿಡಿಯುವ ದೋಣಿ ಮಾರಿ ಎಸ್ಬ್ಯರ್ಗ್ ಬಂದರಿನ ಕಂಟ್ರೋಲ್ ರೂಮಿನಲ್ಲಿ ಹದಿನಾರು ವರ್ಷ ಕೂತೆ. ಅಲ್ಲಿಂದ ಮೂವತ್ತು ಕಿಲೋಮೀಟರ್ ಆಚೆ, ಕಡಲೊಳಗೆ, ನಮ್ಮ ಕಂಪನಿಯ ಎಪ್ಪತ್ತೆರಡು ಗಾಳಿಯಂತ್ರಗಳು, ಕರೆಂಟು ತೆಗೆಯುವ ರೆಕ್ಕೆಯ ಕಂಬಗಳು, ಸಾಲಿಗೆ ಆರರಂತೆ ನಿಂತಿವೆ. ತೀರಾ ಪಶ್ಚಿಮದ ಸಾಲಿಗೆ ನಾವು ಹೊರಸಾಲು ಎನ್ನುತ್ತೇವೆ. ಇಂಗ್ಲೆಂಡಿನ ಕಡೆಯಿಂದ ಬರುವ ಗಾಳಿ, ಅಲೆ, ಎಲ್ಲವೂ ಮೊದಲು ಬಂದು ಗುದ್ದುವುದು ಆ ಆರು ಕಂಬಗಳಿಗೆ. ಅವುಗಳ ಪೆಟ್ಟು ಮುಗಿದ ಮೇಲೆ ಉಳಿದದ್ದು ಒಳಗಿನವರಿಗೆ.

ಪ್ರತಿ ಕಂಬದೊಳಗೂ ಅದು ಎಷ್ಟು ತೂಗಾಡುತ್ತಿದೆ ಎಂದು ನೋಡುವ ಒಂದು ಡಬ್ಬಿ ಇದೆ. ಮಿತಿ ಮೀರಿ ತೂಗಾಡಿದರೆ ನಮ್ಮಲ್ಲಿ ಅಲಾರಂ ಹೊಡೆದುಕೊಳ್ಳುತ್ತದೆ. ಆಗ ಗುಂಡಿ ಒತ್ತಬೇಕು, ಕಾರಣ ಬರೆಯಬೇಕು. ಡಿಸೆಂಬರಿನಲ್ಲಿ ಪಡುವಣ ಗಾಳಿ ಎದ್ದಿತೆಂದರೆ ಹೊರಸಾಲಿನ ಆರೂ ಕಂಬಗಳು ಹತ್ತು ಹತ್ತು ನಿಮಿಷಕ್ಕೆ ಬಾಯಿ ಬಡಿದುಕೊಳ್ಳುತ್ತವೆ. ಕಾರಣ: ಗಾಳಿ. ಕಾರಣ: ಗಾಳಿ. ಕಾರಣ: ಗಾಳಿ. ಬರೆದೂ ಬರೆದೂ ತಲೆ ಚಿಟ್ಟು ಹಿಡಿಯುತ್ತದೆ.

ಮೊದಲ ವರ್ಷದ ಕ್ರಿಸ್‌ಮಸ್ ಊಟದ ದಿನವೂ ಹಾಗೇ ಆಯಿತು. ಪಕ್ಕದ ಕೋಣೆಯಲ್ಲಿ ಮೇಜು ಹಾಕಿದ್ದರು. ಉಪ್ಪಿನಲ್ಲಿ ನೆನೆಸಿದ ಹೆರಿಂಗ್ ಮೀನು, ಗರಿಗರಿ ಚರ್ಮದ ಹಂದಿಮಾಂಸ, ಕೆಂಪು ಕೋಸು, ಗಂಟಲು ಸುಡುವ ಶ್ನಾಪ್ಸ್ ಮದ್ಯ. ತುತ್ತು ಬಾಯಿಗಿಡುವಷ್ಟರಲ್ಲಿ ಅಲಾರಂ. ಎದ್ದು ಹೋಗು, ಒತ್ತು, ಬರಿ, ಬಂದು ಕೂರು, ಮತ್ತೆ ಅಲಾರಂ. ನನಗೆ ರೇಗಿಹೋಯಿತು. ಪರದೆಯ ಮೇಲೆ 'ಜನ ಇದ್ದಾರೆ' ಎನ್ನುವ ಒಂದು ಗುರುತು ಇದೆ. ರಿಪೇರಿಯವರು ಕಂಬ ಹತ್ತುವಾಗ ದೋಣಿ ಬಂದು ಏಣಿಗೆ ಗುದ್ದುತ್ತದೆ, ಒಳಗೆ ಸುತ್ತಿಗೆ ಆಡುತ್ತದೆ, ಕಂಬ ಸುಮ್ಮಸುಮ್ಮನೆ ಅದುರುತ್ತದೆ. ಆ ಹೊತ್ತಿನಲ್ಲಿ ಗುರುತು ಹಾಕಿದರೆ ಅಲಾರಂ ಬಾಯಿ ಮುಚ್ಚಿಕೊಂಡಿರುತ್ತದೆ. ಆ ದಿನ ನಾನು ಆರೂ ಕಂಬಗಳಿಗೆ ಗುರುತು ಹಾಕಿ ಬಂದು ಊಟಕ್ಕೆ ಕೂತೆ. ಅಂಥ ಗಾಳಿಯಲ್ಲಿ ಬಂದರಿನಿಂದ ಒಂದು ದೋಣಿಯೂ ಹೊರಡುವುದಿಲ್ಲ. ಕಂಬಗಳಲ್ಲಿ ನರಪಿಳ್ಳೆಯೂ ಇರಲಿಲ್ಲ.

ಅಂದಿನಿಂದ ಅದೇ ಪದ್ಧತಿಯಾಯಿತು. ದೊಡ್ಡ ಗಾಳಿ ಬಂತೇ, ಮೊದಲು ಹೊರಸಾಲಿಗೆ ಗುರುತು ಹಾಕು, ಆಮೇಲೆ ಕಾಫಿ ಬಗ್ಗಿಸು. ಹೊಸಬರಿಗೆ ಕಪ್ಪು ಎಲ್ಲಿದೆ ಎಂದು ತೋರಿಸುವಾಗಲೇ ಇದನ್ನೂ ಹೇಳಿಕೊಡುತ್ತಿದ್ದೆವು. ಗಾಳಿ ಅತಿಯಾದರೆ ರೆಕ್ಕೆಗಳು ತಾವಾಗಿಯೇ ನಿಲ್ಲುತ್ತವೆ, ಅದಕ್ಕೂ ಈ ಗುರುತಿಗೂ ಸಂಬಂಧವಿಲ್ಲ. ಅಲಾರಂ ಕೂಗಲಿಲ್ಲ, ಅಷ್ಟೇ. ಯಾರಪ್ಪನ ಗಂಟು ಹೋಯಿತು ಎಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಸೋಲ್ವೈ ಬಂದಳು. ಆಲ್ಬೋರ್ಗ್‌ನಲ್ಲಿ ಓದಿ ಡಾಕ್ಟರೇಟು ಮಾಡಿದವಳು, ನಲವತ್ತರ ಹೆಂಗಸು. ಕಡಲಿಗೆ ಹೋದರೆ ವಾಂತಿ ಮಾಡಿಕೊಳ್ಳುತ್ತಿದ್ದಳು, ಆದರೂ ಹೋಗುತ್ತಿದ್ದಳು. ಕಬ್ಬಿಣ ಎಷ್ಟು ಬಾಗುತ್ತಿದೆ ಎಂದು ಅಳೆಯುವ ಪಟ್ಟಿಗಳನ್ನು ನಮ್ಮಲ್ಲಿ ಮೂರೇ ಮೂರು ಕಂಬಗಳ ಬುಡದಲ್ಲಿ ಅಂಟಿಸಿದ್ದಾರೆ. ಎಪ್ಪತ್ತೆರಡಕ್ಕೂ ಅಂಟಿಸಿ ಕಾಯುವುದು ಆಗದ ಮಾತು. ಸೋಲ್ವೈಯ ಕೆಲಸ ಏನೆಂದರೆ, ಆ ಮೂರು ಕಂಬಗಳ ಹಳೆಯ ದಾಖಲೆಯನ್ನೆಲ್ಲ ಒಂದು ಕಂಪ್ಯೂಟರಿಗೆ ಉಣಿಸುವುದು. ಇಂಥ ಗಾಳಿಗೆ, ಇಷ್ಟು ತೂಗಾಟಕ್ಕೆ, ಕಬ್ಬಿಣ ಇಷ್ಟು ಬಾಗಿತು ಎಂದು ಅದು ತಾನೇ ಕಲಿತುಕೊಳ್ಳಬೇಕು. ಕಲಿತ ಮೇಲೆ ಪಟ್ಟಿಯಿಲ್ಲದ ಕಂಬಗಳ ಆಯಾಸವನ್ನೂ ಅದೇ ಹೇಳಬೇಕು, ಇನ್ನು ಎಷ್ಟು ವರ್ಷ ನಿಂತೀತು ಎಂದೂ ಹೇಳಬೇಕು. ಕಡಲಿಗೆ ಇಳಿಯದೆಯೇ ಎಲ್ಲರ ಆಯುಸ್ಸು ಹೇಳುವ ಈ ಯಂತ್ರಕ್ಕೆ ಆಸ್ಗರ್ 'ಪಾದ್ರಿ' ಎಂದು ಹೆಸರಿಟ್ಟ. ಹೆಸರು ಬಂದರಿನಲ್ಲೆಲ್ಲ ನಿಂತುಬಿಟ್ಟಿತು.

ಒಂದು ದಿನ ಸೋಲ್ವೈ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಮೇಜಿಗೇ ಬಂದಳು. ನಮ್ಮ ಮ್ಯಾನೇಜರ್ ಪಕ್ಕದಲ್ಲೇ ನಿಂತು ಕಾಫಿ ಕುಡಿಯುತ್ತಿದ್ದ.

"ಪ್ರೆಬೆನ್ ಅವರೇ, ಈ 'ಜನ ಇದ್ದಾರೆ' ಗುರುತು ಇರೋ ಗಂಟೆಗಳನ್ನೆಲ್ಲ ನಾನು ಲೆಕ್ಕದಿಂದ ತೆಗೆದುಹಾಕ್ತಿದೀನಿ. ದೋಣಿ ಗುದ್ದಿದ್ದು, ಸುತ್ತಿಗೆ ಹೊಡೆದಿದ್ದು ಸೇರ್ಕೊಂಡ್ರೆ ಯಂತ್ರ ತಪ್ಪು ಕಲಿಯುತ್ತೆ. ಆದ್ರೆ ಹೊರಸಾಲಲ್ಲಿ ಚಳಿಗಾಲದಲ್ಲಿ ಇದು ಜಾಸ್ತಿ ಇದೆಯಲ್ಲ? ಕೆಲವು ಕಡೆ ರೆಕ್ಕೆ ತಿರುಗ್ತಿರುವಾಗ್ಲೂ ಇದೆ, ಜನ ಹತ್ತೋವಾಗ ರೆಕ್ಕೆ ನಿಲ್ಲಿಸ್ಬೇಕು ಅಲ್ವಾ? ಗುರುತು ಇದ್ರೆ ಜನ ಇದ್ರು ಅಂತಾನೇ ತಾನೆ?"

ಅದರ ಹಿಂದಿನ ವರ್ಷವಷ್ಟೇ ಇನ್ನೊಂದು ಬಂದರಿನಲ್ಲಿ ಅಲಾರಂ ಮುಚ್ಚಿಟ್ಟರೆಂದು ಇಬ್ಬರನ್ನು ಮನೆಗೆ ಕಳಿಸಿದ್ದರು. ಮ್ಯಾನೇಜರ್ ಕಪ್ಪಿನ ಅಂಚಿನ ಮೇಲಿಂದ ನನ್ನನ್ನೇ ನೋಡುತ್ತಿದ್ದ.

"ಮತ್ತೇನು ಡಾಕ್ಟ್ರಮ್ಮ, ದೆವ್ವ ಇರ್ತಿದ್ವಾ?" ಎಂದೆ. "ನಮ್ಮೋರು ಇಳಿದು ಬಂದ್ಮೇಲೂ ಗುರುತು ತೆಗೆಯೋದು ಮರೀತಾರೆ. ಬಡ್ಕೊಂಡ್ರೂ ಕೇಳಲ್ಲ."

ಎಲ್ಲರೂ ನಕ್ಕರು. ಸೋಲ್ವೈಯೂ ನಕ್ಕು, ಥ್ಯಾಂಕ್ಸ್ ಹೇಳಿ ಹೋದಳು. ಹಾಗೆ ಅಷ್ಟೂ ಚಳಿಗಾಲಗಳ ಬಿರುಗಾಳಿಗಳೆಲ್ಲ ಹೊರಸಾಲಿನ ಪಾಠದಿಂದ ಹೊರಬಿದ್ದವು. ನನ್ನ ಒಂದು ಕುಚೋದ್ಯದ ಮಾತಿಗೆ.

ಹೋದ ವರ್ಷದ ವಸಂತದಲ್ಲಿ ಪಾದ್ರಿಯ ಮೊದಲ ನಕ್ಷೆ ಬಂತು. ಸುಸ್ಥಿತಿಯ ಕಂಬಕ್ಕೆ ಹಸಿರು, ದಣಿದದ್ದಕ್ಕೆ ಹಳದಿ, ಕೈಮೀರಿದ್ದಕ್ಕೆ ಕೆಂಪು. ಒಳಸಾಲುಗಳಲ್ಲಿ ಅಲ್ಲಲ್ಲಿ ಹಳದಿ ಇತ್ತು. ಹೊರಸಾಲು ಪೂರ್ತಿ ಹಸಿರು.

ಆ ಭಾನುವಾರ ಆಸ್ಗರ್ ಊಟಕ್ಕೆ ಬಂದ. ಅವನು ನನ್ನ ಹೆಂಡತಿ ಲಿಸ್ಬೆತ್‌ಳ ತಮ್ಮ. ನಾವು ಮದುವೆಯಾದಾಗ ಅವನಿಗೆ ಹನ್ನೊಂದು ವರ್ಷ; ತಾಯಿ ಇರಲಿಲ್ಲ, ಅಂದಿನಿಂದ ನಮ್ಮ ಮನೆಯ ಮಹಡಿ ಕೋಣೆಯಲ್ಲೇ ಬೆಳೆದ. ಈಗ ಐವತ್ತು ದಾಟಿದವನು, ಬೋಲ್ಟು ಬಿಗಿಯುವ ತಂಡದ ಮುಖ್ಯಸ್ಥ, ಆದರೂ ಲಿಸ್ಬೆತ್ ಅವನ ತಟ್ಟೆಗೆ ಮಾಂಸದ ಗರಿ ಚೂರನ್ನು ಆರಿಸಿ ಆರಿಸಿ ಹಾಕುತ್ತಿದ್ದಳು.

"ಭಾವ, ಪಾದ್ರಿ ಹೇಳಿದ್ದು ಕೇಳಿದ್ರಾ? ಹೊರಸಾಲು ಒಳಸಾಲಿಗಿಂತ ಸುಖವಾಗಿದೆಯಂತೆ! ಮಳೇಲಿ ನಿಂತೋನು ಒಣಗವ್ನೆ, ಛತ್ರಿ ಕೆಳಗಿರೋನು ನೆಂದವ್ನೆ ಅಂದಂಗಾಯ್ತು."

ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾನು ಅಗಿಯುವುದನ್ನು ನಿಲ್ಲಿಸಿದೆ. ಯಾಕೆ ಹಾಗಾಯಿತೆಂದು ಆ ಮೇಜಿನಲ್ಲಿ ನನಗೊಬ್ಬನಿಗೇ ಗೊತ್ತು. ಬಿರುಗಾಳಿಯ ಗಂಟೆಗಳನ್ನೆಲ್ಲ ತೆಗೆದುಹಾಕಿದ ಮೇಲೆ ಹೊರಸಾಲಿನಲ್ಲಿ ಪಾದ್ರಿಗೆ ಕಂಡದ್ದು ಬರೀ ತಂಗಾಳಿ.

"ಏನ್ರೀ, ಗಂಟಲಲ್ಲಿ ಮೂಳೆ ಸಿಕ್ತಾ?" ಎಂದಳು ಲಿಸ್ಬೆತ್.

"ಏನಿಲ್ಲ" ಎಂದೆ.

ಆಗಲೇ ಹೇಳಬಹುದಿತ್ತು. ಮಾರನೆಯ ದಿನ ಹೇಳಬಹುದಿತ್ತು. ನಾನು ಹಾಕಿಕೊಂಡ ಲೆಕ್ಕಾಚಾರ ಬೇರೆ. ಬಣ್ಣದ ಜೊತೆ ಹೊಸ ನಿಯಮ ಬಂದಿತ್ತು: ಹಸಿರು ಕಂಬದ ಬೋಲ್ಟುಗಳನ್ನು ವರ್ಷಕ್ಕೊಮ್ಮೆ ನೋಡುವುದು ಬೇಡ, ನಾಲ್ಕು ವರ್ಷಕ್ಕೊಮ್ಮೆ ಸಾಕು. ಮುಂದಿನ ವರ್ಷದ ಮಾರ್ಚ್ ಕೊನೆಗೆ ನನಗೆ ನಿವೃತ್ತಿ. ಅಲ್ಲಿಯವರೆಗೆ ಹೊರಸಾಲಿನ ಬೋಲ್ಟನ್ನು ಯಾರೂ ಮುಟ್ಟುವುದಿಲ್ಲ, ಏಪ್ರಿಲ್‌ನಲ್ಲಿ ಸೋಲ್ವೈಗೆ ಒಂದು ಕಾಗದ ಬರೆದು ಎಲ್ಲ ಹೇಳಿಬಿಟ್ಟರಾಯಿತು, ಆಗ ನನ್ನಿಂದ ಯಾರು ಏನು ಕಿತ್ತುಕೊಳ್ಳುತ್ತಾರೆ. ಥೂ ನನ್ನ ಜನ್ಮಕ್ಕೆ! ಹನ್ನೊಂದು ತಿಂಗಳು ಇದನ್ನೇ ಮೆಲುಕು ಹಾಕಿಕೊಂಡು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಬಣ್ಣ ಇನ್ನೊಂದನ್ನೂ ತೀರ್ಮಾನಿಸುತ್ತಿತ್ತು, ಕೆಲಸದ ರೀತಿಯನ್ನು. ಕಡಲ ತಳಕ್ಕೆ ಹೂತ ಕೊಳವೆಗೂ ಮೇಲಿನ ಕಂಬಕ್ಕೂ ನಡುವೆ ಒಂದು ದೊಡ್ಡ ಕಬ್ಬಿಣದ ಬಳೆ, ಅದರ ಸುತ್ತ ನೂರಕ್ಕೆ ಮಿಕ್ಕಿ ಬೋಲ್ಟುಗಳು. ಬಿಗಿಯುವಾಗ ಬೋಲ್ಟಿನ ತಲೆಯ ಮೇಲೆ ಹೈಡ್ರಾಲಿಕ್ ಜಾಕು ಕೂರಿಸಿ ಮೇಲಕ್ಕೆ ಎಳೆಯುತ್ತಾರೆ. ಕೆಂಪು ಕಂಬವಾದರೆ ಜಾಕನ್ನು ಸರಪಳಿಯಿಂದ ಕಟ್ಟಿಹಾಕಬೇಕು, ಎಲ್ಲರೂ ಮೇಲಿನ ಅಟ್ಟಕ್ಕೆ ಹೋಗಿ ಅಲ್ಲಿಂದ ಪಂಪು ಒತ್ತಬೇಕು, ಬೋಲ್ಟಿನ ನೇರಕ್ಕೆ ಯಾರ ಕೂದಲೂ ಇರಕೂಡದು. ಬೋಲ್ಟಿನೊಳಗೆ ಬಿರುಕಿದ್ದು ಮುರಿದರೆ ಜಾಕು ಗುಂಡಿನಂತೆ ಹಾರುತ್ತದೆ. ಹಸಿರು ಕಂಬಕ್ಕೆ ಇಷ್ಟೆಲ್ಲ ಇಲ್ಲ. ಆ ಇಕ್ಕಟ್ಟಿನಲ್ಲಿ ಮಂಡಿಯೂರಿ, ಜಾಕಿನ ಮೇಲೆ ಬಗ್ಗಿ, ಕಣ್ಣಳತೆಯಲ್ಲಿ ನೋಡುತ್ತ ಎಳೆಯುತ್ತಾರೆ.

ಹೋದ ಡಿಸೆಂಬರಿನ ಕ್ರಿಸ್‌ಮಸ್ ಊಟಕ್ಕೆ ರಿಪೇರಿಯವರನ್ನೂ ಸೋಲ್ವೈಯನ್ನೂ ಕರೆದಿದ್ದೆವು. ಕೊನೆಗೆ ಕೆನೆ ಹಾಕಿದ ಅಕ್ಕಿ ಪಾಯಸ ಬಂತು. ಅದರೊಳಗೆ ಒಂದೇ ಒಂದು ಇಡೀ ಬಾದಾಮಿ ಇರುತ್ತದೆ, ಸಿಕ್ಕವನಿಗೆ ಬಹುಮಾನ. ಸಿಕ್ಕವನು ಅದನ್ನು ದವಡೆಯಲ್ಲಿ ಅಡಗಿಸಿಟ್ಟುಕೊಂಡು ಉಳಿದವರೆಲ್ಲ ಹೊಟ್ಟೆ ಬಿರಿಯುವಂತೆ ತಿನ್ನುವುದನ್ನು ನೋಡುತ್ತ ಕೂರುವುದು ನಮ್ಮ ಆಟ. ಆ ಸಲ ಅದು ಆಸ್ಗರ್‌ಗೆ ಸಿಕ್ಕಿತ್ತು, ಕಳ್ಳ, ಅದನ್ನು ದವಡೆಯಲ್ಲಿಟ್ಟುಕೊಂಡೇ ಸೋಲ್ವೈ ಜೊತೆ ಮಾತಿಗಿಳಿದ.

"ಮೇಡಂ, ನಿಮ್ಮ ಪಾದ್ರಿಗೆ ಹೇಳಿ, ಹೊರಸಾಲಿನ ಆರನೇ ಕಂಬ ಸರಿಯಿಲ್ಲ. ಮೊನ್ನೆ ಬೇರೆ ಕೆಲಸಕ್ಕೆ ಹತ್ತಿದ್ದೆ, ಬಳೆ ಮೇಲೆ ಕೈಯಿಟ್ರೆ ಟಿಕ್ ಟಿಕ್ ಅಂತದೆ. ಹೋದ್ವರ್ಷ ಹಂಗಿರ್ಲಿಲ್ಲ."

"ಯಂತ್ರ ಹಸಿರು ಅಂತಿದೆ" ಎಂದಳು ಸೋಲ್ವೈ. "ಆದ್ರೂ ನಿಮ್ಮ ಕೈ ಸುಳ್ಳು ಹೇಳಲ್ಲ. ಗಾಳಿ ಇಳಿದ ದಿನ ಹೋಗಿ ಹತ್ತು ಬೋಲ್ಟು ಎಳೆದು ನೋಡಿ. ಅನುಮತಿ ನಾನೇ ಬರೀತೀನಿ."

"ಭಾವ, ನೋಡಿ ಕಲೀರಿ, ಇಂಥೋರು ಇರ್ಬೇಕು!" ಎಂದು ನನ್ನ ಬೆನ್ನಿಗೆ ಗುದ್ದಿದ. ಹೊರಗೆ ಪಡುವಣ ಗಾಳಿ ಕಿಟಕಿ ಬಡಿಯುತ್ತಿತ್ತು. ಮುಚ್ಚಿದ ಬಾಗಿಲಿನಾಚೆ, ಪರದೆಯ ಮೇಲೆ, ಆರೂ ಕಂಬಗಳಿಗೆ 'ಜನ ಇದ್ದಾರೆ' ಎಂದಿತ್ತು. ಊಟಕ್ಕೆ ಬರುವ ಮುಂಚೆ ನಾನೇ ಹಾಕಿ ಬಂದಿದ್ದೆ. ಎದ್ದು ಹೋಗಿ ಆ ಬಾಗಿಲು ತೆಗೆದು ಸೋಲ್ವೈಗೆ ತೋರಿಸಿದ್ದರೆ ಸಾಕಿತ್ತು. ನಾನು ಇನ್ನೊಂದು ಬಟ್ಟಲು ಪಾಯಸ ಹಾಕಿಸಿಕೊಂಡೆ.

ಫೆಬ್ರವರಿ ಹನ್ನೆರಡಕ್ಕೆ ಕಡಲು ಎಣ್ಣೆ ಸುರಿದಂತೆ ಮಲಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ರೇಡಿಯೋದಲ್ಲಿ ಆಸ್ಗರ್‌ನ ಧ್ವನಿ ಬಂತು.

"ಕಂಟ್ರೋಲ್, ಹೊರಸಾಲು ಆರರಲ್ಲಿ ಇಬ್ಬರು ಇದ್ದೀವಿ. ರೆಕ್ಕೆ ನಿಲ್ಸಿದ್ದೀವಿ. ಗುರುತು ಹಾಕಿ ಭಾವ."

ಹಾಕಿದೆ. ಆ ಸಾಲಿಗೆ ನಿಜವಾಗಿ ಹಾಕಿದ್ದು ಎಷ್ಟು ಸಲವೋ, ಸುಳ್ಳಾಗಿ ಹಾಕಿದ್ದು ಎಷ್ಟು ಸಲವೋ. ರೇಡಿಯೋದ ಮಾತು ದೋಣಿಯವನಿಗೂ ಕೇಳುತ್ತದೆ, ಮ್ಯಾನೇಜರ್ ಕೋಣೆಯಲ್ಲೂ ಕೇಳುತ್ತದೆ. ಆದರೂ ರೇಡಿಯೋದ ಗುಂಡಿ ಒತ್ತಿದೆ.

"ಆಸ್ಗರ್, ಕೆಂಪು ಕಂಬ ಅಂತ ತಿಳ್ಕೊಂಡೇ ಕೆಲಸ ಮಾಡೋ."

"ಯಾಕೆ? ಸರಪಳಿ, ಅಟ್ಟ ಎಲ್ಲ ಅಂದ್ರೆ ಇವತ್ತು ನಾಲ್ಕು ಬೋಲ್ಟೂ ಆಗಲ್ಲ. ಸರಪಳಿ ತಂದೂ ಇಲ್ಲ." ಆಮೇಲೆ ತಮಾಷೆ ಬಿಟ್ಟ ಧ್ವನಿಯಲ್ಲಿ ಕೇಳಿದ. "ನಿಮಗೇನಾದ್ರೂ ಗೊತ್ತಾ ಭಾವ?"

ಹೂಂ ಎಂದರೆ ಅವನು ಏಣಿ ಇಳಿದು ದೋಣಿ ಹತ್ತುತ್ತಿದ್ದ. ಅಷ್ಟು ನಂಬುತ್ತಿದ್ದ ನನ್ನನ್ನು. ನಿವೃತ್ತಿಗೆ ಇನ್ನು ಏಳು ವಾರ ಇತ್ತು.

"ಏನಿಲ್ಲ" ಎಂದೆ. "ಹುಷಾರು ಅಂದೆ ಅಷ್ಟೇ."

"ವಯಸ್ಸಾಯ್ತು ನಿಮಗೆ" ಎಂದು ನಕ್ಕ. "ಅಕ್ಕನಿಗೆ ಹೇಳಿ, ಸಂಜೆ ಊಟಕ್ಕೆ ಬರ್ತೀನಿ."

ಒಂಬತ್ತು ನಲವತ್ತಕ್ಕೆ ದೋಣಿಯವನು ಕಿರುಚಿಕೊಂಡ. "ಹೆಲಿಕಾಪ್ಟರ್ ಕಳಿಸಿ, ಹೆಲಿಕಾಪ್ಟರ್! ಆರರಲ್ಲಿ ಏಟಾಗಿದೆ, ತಲೆಗೆ!" ನಾನು ಕರೆದೆ, ಹೇಳಬೇಕಾದವರಿಗೆಲ್ಲ ಹೇಳಿದೆ. ನಾಲ್ಕು ನಿಮಿಷವಾದ ಮೇಲೆ ಅದೇ ದೋಣಿಯವನು ಮೆಲ್ಲಗೆ ಮತ್ತೆ ಮಾತಾಡಿದ.

"ಕಂಟ್ರೋಲ್. ಹೆಲಿಕಾಪ್ಟರ್‌ನವರಿಗೆ ಆತುರ ಬೇಡ ಅನ್ನಿ."

ಪಂಪಿನ ಬಳಿ ಕೂತಿದ್ದ ಜೊತೆಗಾರನಿಗೆ ಒಂದು ಗೀರೂ ಆಗಿರಲಿಲ್ಲ. ಮೂರನೆಯ ಬೋಲ್ಟಂತೆ. ಎರಡು ಸರಿಯಾಗಿ ಎಳೆದಿದ್ದರಂತೆ.

ಬಂದರಿನಲ್ಲಿ ಬಾವುಟಗಳನ್ನು ಅರ್ಧಕ್ಕೆ ಇಳಿಸಿದರು. ನಮ್ಮ ಅಂಗಳದ ಬಾವುಟವನ್ನು ಲಿಸ್ಬೆತ್ ತಾನೇ ಇಳಿಸಿದಳು, ನನ್ನನ್ನು ಮುಟ್ಟಗೊಡಲಿಲ್ಲ. ಶವಸಂಸ್ಕಾರ ಮುಗಿದ ಮೇಲೆ ಪದ್ಧತಿಯಂತೆ ಅದನ್ನು ಮತ್ತೆ ತುದಿಗೆ ಏರಿಸಬೇಕು. ಅವಳು ಹಗ್ಗ ಹಿಡಿದುಕೊಂಡು ನಿಂತೇ ಇದ್ದಳು, ಕೊನೆಗೆ ಪಕ್ಕದ ಮನೆಯವರು ಬಂದು ಏರಿಸಿದರು. ನನ್ನ ತೋಳು ಹಿಡಿದು ಅಳುತ್ತಿದ್ದಳು. ಆ ಹತ್ತು ದಿನ ಅವಳಿಗೆ ಇದ್ದ ಆಸರೆ ನಾನೊಬ್ಬನೇ.

ನಾನು ಕೆಲಸಕ್ಕೆ ಮರಳಿದ ದಿನ ಸೋಲ್ವೈ ಬಂದಳು. ಸೊರಗಿ ಹೋಗಿದ್ದಳು, ಕಣ್ಣ ಕೆಳಗೆ ಕಪ್ಪು. ಕೂರಿ ಎಂದರೂ ಕೂರಲಿಲ್ಲ.

"ನಾನೇ ಅನುಮತಿ ಬರೆದಿದ್ದು ಪ್ರೆಬೆನ್ ಅವರೇ. ನಾನೇ ಹಸಿರು ಅಂದಿದ್ದು. ಒಂದೊಂದು ಸಾಲೂ ತಿರುಗಾ ನೋಡಿದೀನಿ, ಎಲ್ಲಿ ತಪ್ಪಿದೆ ಅಂತ ನಂಗೆ ಸಿಗ್ತಾ ಇಲ್ಲ." ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. "ಇಲ್ಲಿ ನೋಡಿ. ಒಂಬತ್ತು ಮೂವತ್ತೇಳಕ್ಕೆ ಕಂಬ ಒಂದ್ಸಲ ಅದುರಿದೆ. ಒಂದೇ ಸಲ. ಅದೇ ಆ ಬೋಲ್ಟು. ಆದ್ರೆ ಯಂತ್ರದ ಪಾಠಕ್ಕೆ ಇದು ಹೋಗೇ ಇಲ್ಲ. 'ಜನ ಇದ್ದಾರೆ' ಅಂತ ಗುರುತು ಇತ್ತಲ್ಲ, ತಾನಾಗೇ ತೆಗೆದು ಬಿಸಾಕಿದೆ. ಆರನೇ ಕಂಬ ಇವತ್ತಿಗೂ ಹಸಿರೇ ಇದೆ. ನಾಳೆ ಇನ್ನೊಂದು ತಂಡ ನಾಲ್ಕನೇ ಕಂಬಕ್ಕೆ ಹೋಗ್ತಿದೆ, ಅದೂ ಹಸಿರು, ಮುರಿದಿದ್ದು ಒಂದು ಕೆಟ್ಟ ಬೋಲ್ಟು ಅಷ್ಟೇ, ಹಂಗಾಗಿ ಸರಪಳಿ ಬೇಡ ಅಂತಿದಾರೆ."

ನಾನು ಆ ಸಣ್ಣ ಗೆರೆಯನ್ನು ನೋಡಿದೆ. ಚಪ್ಪಟೆಯಾಗಿ ಬಂದು, ಒಂದು ಕಡೆ ಚಿಕ್ಕದಾಗಿ ಎದ್ದು, ಮತ್ತೆ ಚಪ್ಪಟೆಯಾಗಿ ಹೋಗಿತ್ತು. ಆಸ್ಗರ್ ಸತ್ತ ಗಳಿಗೆ ಅದು. ಅದನ್ನೂ ನನ್ನ ಗುರುತೇ ನುಂಗಿತ್ತು.

"ಜನ ಇರ್ಲಿಲ್ಲ" ಎಂದೆ.

"ಏನು?"

"ಬಿರುಗಾಳಿ ದಿನಗಳಲ್ಲಿ. ಜನ ಇರ್ಲಿಲ್ಲ. ಯಾರೂ ಇರ್ಲಿಲ್ಲ ಕಣಮ್ಮಾ. ಅಲಾರಂ ಕಿರಿಕಿರಿ ಅಂತ ನಾವು ಗುರುತು ಹಾಕ್ತಿದ್ವಿ. ನಾನೇ ಶುರು ಮಾಡಿದ್ದು. ನೀವು ಕೇಳಿದ್ರಿ, ನಾನು ಸುಳ್ಳು ಹೇಳಿದೆ."

ಅವಳು ಬೈಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೂ ಬೇಡವೆನ್ನುತ್ತಿರಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಕೂತಳು. "ಯಾವ್ಯಾವ ದಿನ?" ಎಂದಷ್ಟೇ ಕೇಳಿದಳು. ರೆಕ್ಕೆ ತಿರುಗುತ್ತಿದ್ದು, ದೋಣಿಗಳು ಬಂದರಿನಲ್ಲೇ ಇದ್ದು, ಗುರುತು ಬಿದ್ದಿದ್ದ ಗಂಟೆಗಳನ್ನೆಲ್ಲ ಇಬ್ಬರೂ ಕೂತು ಒಂದೊಂದಾಗಿ ಪಾಠಕ್ಕೆ ಮರಳಿ ಸೇರಿಸಿದೆವು. ಮಧ್ಯಾಹ್ನದ ಹೊತ್ತಿಗೆ ಯಂತ್ರ ಹೊಸದಾಗಿ ಕಲಿತು ಹೊಸ ನಕ್ಷೆ ತೆಗೆಯಿತು. ಹೊರಸಾಲಿನ ಆರಕ್ಕೆ ಆರೂ ಕೆಂಪು. ಆರನೆಯದರ ಪಕ್ಕದಲ್ಲಿ, ಉಳಿದ ಆಯುಸ್ಸು ಬರೆಯುವ ಜಾಗದಲ್ಲಿ, ಸೊನ್ನೆ. ಪಾದ್ರಿ ಬುದ್ಧಿವಂತನೇ ಇದ್ದ. ನಾವು ಅವನ ಕಣ್ಣು ಕಟ್ಟಿ ಕೂರಿಸಿದ್ದೆವು.

ಸೋಲ್ವೈ ಫೋನೆತ್ತಿ ನಾಳೆಯ ತಂಡವನ್ನು ನಿಲ್ಲಿಸಿದಳು. ಆಮೇಲೆ ಮ್ಯಾನೇಜರ್‌ನನ್ನು ಕರೆದಳು. ಅವನೆದುರು ಇನ್ನೊಮ್ಮೆ ಎಲ್ಲ ಹೇಳಿ, ಬರೆದು, ಸಹಿ ಹಾಕಿ, ನನ್ನ ಕಪ್ಪು ತೆಗೆದುಕೊಂಡು ಹೊರಬಂದೆ. ಹೋಗುವಾಗ ಸೋಲ್ವೈ ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದಾಗ ಲಿಸ್ಬೆತ್ ಆಲೂಗಡ್ಡೆ ಸುಲಿಯುತ್ತಿದ್ದಳು. ಕೋಟು ಕೂಡ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಅಲಾರಂ, ಗುರುತು, ದೆವ್ವದ ಮಾತು, ಮಾರ್ಚ್ ತಿಂಗಳ ಲೆಕ್ಕಾಚಾರ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ತಲೆಯೆತ್ತದೆ ಕೇಳಿದಳು.

"ಆವತ್ತು ಬೆಳಿಗ್ಗೆ ರೇಡಿಯೋದಲ್ಲಿ ಅವನ ಜೊತೆ ಮಾತಾಡಿದ್ರಲ್ಲ. ಅವನು ಏನಾದ್ರೂ ಕೇಳಿದ್ನಾ?"

ಅದೊಂದನ್ನು ನಾನು ಹೇಳಿರಲಿಲ್ಲ.

"ಕೇಳಿದ" ಎಂದೆ. "'ನಿಮಗೇನಾದ್ರೂ ಗೊತ್ತಾ ಭಾವ' ಅಂತ ಕೇಳಿದ."

ಚಾಕು ನಿಂತಿತು.

"ಏನಂದ್ರಿ?"

"ಏನಿಲ್ಲ ಅಂದೆ."

ಅವಳು ಚಾಕು ಕೆಳಗಿಟ್ಟಳು, ಕೈ ತೊಳೆದು ಒರೆಸಿಕೊಂಡಳು, ನನ್ನನ್ನು ದಾಟಿ ಮಹಡಿ ಹತ್ತಿ ಆಸ್ಗರ್‌ನ ಹಳೆಯ ಕೋಣೆಗೆ ಹೋಗಿ ಅಗುಳಿ ಹಾಕಿಕೊಂಡಳು.

ಇದಾಗಿ ಮೂರು ತಿಂಗಳು. ಅವಳು ಈಗ ಮಲಗುವುದು ಆ ಕೋಣೆಯಲ್ಲೇ. ಮನೆ ಬಿಟ್ಟು ಹೋಗಿಲ್ಲ, ಜಗಳ ಆಡಿಲ್ಲ. ಹೊತ್ತಿಗೆ ಸರಿಯಾಗಿ ಎರಡು ತಟ್ಟೆ ಇಡುತ್ತಾಳೆ. ಎದುರಿಗೆ ಕೂತು ಕಿಟಕಿಯಾಚೆ ಬಂದರಿನ ಕಡೆ ನೋಡುತ್ತ ಉಣ್ಣುತ್ತಾಳೆ. ಒಮ್ಮೊಮ್ಮೆ ನಡುವೆ ಚಮಚ ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಾಳೆ. ನನಗೆ ತಡೆಯಲಾಗುವುದಿಲ್ಲ. ಏನಾಯಿತು ಲಿಸ್ಬೆತ್ ಎಂದು ಕೇಳುತ್ತೇನೆ.

"ಏನಿಲ್ಲ" ಎನ್ನುತ್ತಾಳೆ.